ಹೊತ್ತು ತಂದ ಫೋಟೋ ಇದೆ, ವಾಪಸ್ ಹೊತ್ತೊಯ್ದ ಫೋಟೋ ಇಲ್ಲ

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಪ್ರತಿ ಮಳೆಗಾಲ ನಮ್ಮ ಕಡೆಯಿಂದ ಒಂದು ಫೋಟೋ ಬರುತ್ತೆ. ಕಳಸದ ಆಚೆಯ ಯಾವುದೋ ರಸ್ತೆ ಇಲ್ಲದ ಊರು. ಇಬ್ಬರ ಹೆಗಲ ಮೇಲೆ ಒಂದು ಗಳ, ಗಳಕ್ಕೆ ಕಟ್ಟಿದ ಕಂಬಳಿಯ ಜೋಳಿಗೆ, ಒಳಗೆ ಮುದುರಿಕೊಂಡ ಒಬ್ಬ ಅಜ್ಜಿ. ಹಿಂದೆ ಕೊಡೆ ಹಿಡಿದ ಹೆಂಗಸರು. ಪೇಪರಿನವರು ಹಾಕ್ತಾರೆ, ನಾವೆಲ್ಲ ಶೇರ್ ಮಾಡ್ತೀವಿ, "ಸ್ವಾತಂತ್ರ್ಯ ಯಾರಿಗೆ ಬಂತು" ಅಂತ ಮೇಲೊಂದು ಸಾಲು ಬರೀತೀವಿ. ನಾನೂ ಬರೆದಿದ್ದೀನಿ.

ಆ ಅಜ್ಜಿ ಬದುಕಿದ್ರೆ ಎಂಟೋ ಹತ್ತೋ ದಿನ ಆದ್ಮೇಲೆ ಅದೇ ಜೋಳಿಗೆಯಲ್ಲಿ ವಾಪಸ್ ಹೋಗಬೇಕಲ್ವಾ? ಆ ಫೋಟೋ ನಾನು ಇವತ್ತಿನವರೆಗೆ ಒಂದೂ ನೋಡಿಲ್ಲ. ಆಸ್ಪತ್ರೆ ಬಾಗಿಲು ಮುಟ್ಟಿಸಿದ್ರೆ ಕೆಲಸ ಮುಗೀತು ಅಂತ ಸರ್ಕಾರ ಅಂದುಕೊಂಡಿದೆ. ನಾವು ಹೋರಾಟಗಾರರೂ ಹಾಗೇ ಅಂದುಕೊಂಡಿದ್ದೀವಿ. ಇದನ್ನ ನನಗೆ ಕಲಿಸಿದ್ದು ಪುಸ್ತಕ ಅಲ್ಲ, ನಮ್ಮವ್ವನ ಸೊಂಟ.

ಮೂರು ವರ್ಷದ ಹಿಂದೆ, ಪುಷ್ಯ ಮಳೆ ಹುಯ್ಯುವಾಗ, ಲೈನ್ ಮನೆ ಹಿಂದಿನ ಇಳಿಜಾರಲ್ಲಿ ಸೌದೆ ಹೊತ್ತು ಬರ್ತಾ ಅವ್ವ ಪಾಚಿ ಮೇಲೆ ಜಾರಿ ಬಿದ್ದಳು. ಎಪ್ಪತ್ತು ದಾಟಿದ ಜೀವ. ನಲವತ್ತು ವರ್ಷ ಅದೇ ತೋಟದಲ್ಲಿ ಹಣ್ಣು ಕುಯ್ದವಳು. ಈಗ ಆ ಲೈನಿನಲ್ಲಿ ಇರೋದು ತಂಗಿ ಮತ್ತು ಭಾವನ ಹೆಸರಲ್ಲಿ. ಸೊಂಟದ ಮೂಳೆ ಮುರಿದಿತ್ತು. ಚಾರ್ಮಾಡಿ ಘಾಟಿ ಇಳಿಸಿ ಒಂದು ದೊಡ್ಡ ಆಸ್ಪತ್ರೆಗೆ ಹಾಕಿದ್ವಿ. ಕಾರ್ಡ್ ಇತ್ತು, ಆಪರೇಷನ್ ಆಯ್ತು. ಆಪರೇಷನ್ ಬಗ್ಗೆ ನನ್ನದು ಒಂದು ದೂರೂ ಇಲ್ಲ, ಡಾಕ್ಟ್ರು ಚೆನ್ನಾಗೇ ಮಾಡಿದ್ರು.

ಒಂಬತ್ತನೇ ದಿನ ಮಧ್ಯಾಹ್ನ ಡಿಸ್ಚಾರ್ಜ್ ಅಂದ್ರು. ಕೈಗೆ ನಾಲ್ಕು ಹಾಳೆ ಕೊಟ್ಟರು, ಪೂರ್ತಿ ಇಂಗ್ಲಿಷು. ಬಾಯಲ್ಲಿ ಹೇಳಿದ್ದಿಷ್ಟು: ಕುಕ್ಕರುಗಾಲಲ್ಲಿ ಕೂರಿಸಬೇಡಿ, ನೆಲದ ಮೇಲೆ ಕೂರಿಸಬೇಡಿ, ಕಮೋಡ್ ಬಳಸಿ, ವಾಕರ್ ಹಿಡಿಸಿ ದಿನಾ ನಡೆಸಿ, ಫಿಸಿಯೋಥೆರಪಿ ಮಾಡಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹದಿನೈದು ದಿನ ಬಿಟ್ಟು ತೋರಿಸೋಕೆ ಕರ್ಕೊಂಡು ಬನ್ನಿ. "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ." ನರ್ಸಮ್ಮ ಒಳ್ಳೆಯವರು, ನಗ್ತಾನೇ ಹೇಳಿದ್ರು.

ಯಾವ ಮನೇಲಿ ತಾಯಿ?

ಲೈನ್ ಮನೆ ನೋಡದ ಸ್ನೇಹಿತರು ಈ ಪೇಜಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ಹೇಳ್ತೀನಿ. ಒಂದೇ ಉದ್ದನೆಯ ಚಾವಣಿ ಕೆಳಗೆ ಸಾಲಾಗಿ ಮನೆಗಳು. ಒಂದು ಕೋಣೆ, ಒಂದು ಅಡಿಗೆ ಜಾಗ, ಸೌದೆ ಒಲೆ. ಮಲಗೋದು, ಉಣ್ಣೋದು, ಓದೋದು ಎಲ್ಲ ನೆಲದ ಮೇಲೆ. ಕಕ್ಕಸು ಹೊರಗೆ, ನಮ್ಮ ಲೈನಿನಲ್ಲಿ ಮೂರು ಮನೆಗೆ ಒಂದು, ಅದೂ ಆರು ಮೆಟ್ಟಿಲು ಇಳಿದು ಹೋಗಬೇಕು. ಜೂನಿಂದ ಸೆಪ್ಟೆಂಬರ್ ತನಕ ಆ ಮೆಟ್ಟಿಲ ಮೇಲೆ ನೆಟ್ಟಗೆ ಕಾಲಿರೋರೇ ಗೋಡೆ ಹಿಡಿದು ಇಳೀತಾರೆ. ಆಸ್ಪತ್ರೆಯ ಆ ಏಳು ಮಾತಿನಲ್ಲಿ ಒಂದನ್ನಾದ್ರೂ ಪಾಲಿಸೋಕೆ ಆಗೋ ಮನೆ ಅಲ್ಲ ಅದು. ಡಾಕ್ಟರಿಗೆ ಅವ್ವನ ಮೂಳೆಯ ಎಕ್ಸ್‌ರೇ ಗೊತ್ತಿತ್ತು, ಅವ್ವನ ಕಕ್ಕಸು ಎಲ್ಲಿದೆ ಅಂತ ಯಾರೂ ಕೇಳಲಿಲ್ಲ.

ವಾಪಸ್ ಬರೋಕೆ ಬಾಡಿಗೆ ವ್ಯಾನು. 108 ಕರ್ಕೊಂಡು ಹೋಗುತ್ತೆ, ಕರ್ಕೊಂಡು ಬರಲ್ಲ. ಘಾಟಿಯ ಒಂದೊಂದು ತಿರುವಿನಲ್ಲೂ ಅವ್ವ ಹಲ್ಲು ಕಚ್ಚಿದ್ದು ನೆನಪಿದೆ. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ಟೀ ತಂದ್ರೆ ಬೇಡ ಅಂದಳು. ಯಾಕೆ ಬೇಡ ಅಂದಳು ಅಂತ ನನಗೆ ಗೊತ್ತಾಗಿದ್ದು ಎರಡು ವಾರ ಆದ್ಮೇಲೆ.

ಅವ್ವ ನೀರು ಕುಡಿಯೋದು ನಿಲ್ಲಿಸಿಬಿಟ್ಟಿದ್ದಳು. ಕುಡಿದ್ರೆ ಒಂದಕ್ಕೆ ಹೋಗಬೇಕು, ಹೋಗಬೇಕಂದ್ರೆ ಮಗಳನ್ನ ಕರೀಬೇಕು, ಮಗಳು ಕೆಲಸಕ್ಕೆ ಹೋಗಿರ್ತಾಳೆ ಇಲ್ಲಾ ಸುಸ್ತಾಗಿ ಮಲಗಿರ್ತಾಳೆ. ಜೀವಮಾನವಿಡೀ ಯಾರಿಗೂ ಹೊರೆ ಆಗದೆ ಬದುಕಿದ ಹೆಂಗಸಿನ ಲೆಕ್ಕಾಚಾರ ಅದು. ಜ್ವರ ಬಂತು, ಮಾತು ತೊದಲೋಕೆ ಶುರುವಾಯ್ತು, ನಾವು ತಲೆಗೇನೋ ಆಯ್ತು ಅಂತ ಹೆದರಿದ್ವಿ. ಮೂತ್ರದ ಸೋಂಕು. ಮತ್ತೆ ಆಸ್ಪತ್ರೆ, ಮತ್ತೆ ವ್ಯಾನು, ಮತ್ತೆ ಸಾಲ.

ವಯಸ್ಸಾದವರ ಸೊಂಟ ಮುರಿದ್ರೆ ಹಲವರು ವರ್ಷದೊಳಗೆ ತೀರಿಕೊಳ್ತಾರೆ. ಮೂಳೆಯಿಂದ ಸಾಯೋದು ಕಡಿಮೆ. ಸಾಯೋದು ಮಲಗಿಮಲಗಿ: ಹಾಸಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟೋದು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ಲಕ್ವಾ ಹೊಡೆದವರ ಕಥೆಯೂ ಅಷ್ಟೇ. ಅಂದ್ರೆ ಆಪರೇಷನ್ ಗೆದ್ದಿದೆಯೋ ಸೋತಿದೆಯೋ ಅಂತ ತೀರ್ಮಾನ ಆಗೋದು ಥಿಯೇಟರಲ್ಲಿ ಅಲ್ಲ, ಆಮೇಲಿನ ಮೂರು ತಿಂಗಳು ಆ ಲೈನ್ ಮನೆಯಲ್ಲಿ. ಆ ಮೂರು ತಿಂಗಳು ನಮ್ಮ ಲೈನ್ ಕಡೆ ಯಾರೂ ತಿರುಗಿ ನೋಡಲಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ನೋಡೋಕೆ ಸರ್ಕಾರಕ್ಕೆ ಬರಲ್ವಾ? ಚೆನ್ನಾಗಿ ಬರುತ್ತೆ! ನಮ್ಮದೇ ಲೈನಿನಲ್ಲಿ, ಅವ್ವನ ಮನೆಯಿಂದ ನಾಲ್ಕನೇ ಬಾಗಿಲಲ್ಲಿ, ಅದೇ ತಿಂಗಳು ಒಂದು ಹೆರಿಗೆ ಆಗಿತ್ತು. ಬಾಣಂತಿ ಮತ್ತು ಮಗುವನ್ನ ಸರ್ಕಾರಿ ಆಸ್ಪತ್ರೆಯಿಂದ ಪುಕ್ಕಟೆ ಮನೆಗೆ ಬಿಡೋಕೆ 'ನಗು-ಮಗು' ಅಂತ ವಾಹನವೇ ಇದೆ. ಆಮೇಲೆ ಆಶಾ ಅಕ್ಕ 3ನೇ ದಿನ, 7, 14, 21, 28, 42ನೇ ದಿನ ಮನೆಗೆ ಬರಬೇಕು. ಮಗುವಿನ ತೂಕ ನೋಡಬೇಕು, ಜ್ವರ ನೋಡಬೇಕು, ತಾಯಿಯನ್ನ ವಿಚಾರಿಸಬೇಕು, ಕಾರ್ಡಲ್ಲಿ ಬರೀಬೇಕು. ಆರು ಭೇಟಿ. ಇದಕ್ಕೆ ಅವರಿಗೆ ಕೊಡೋದು ₹250. ಕಡಿಮೆಯೇ, ಆದ್ರೆ ದಿನಾಂಕ ಬರೆದಿದೆ, ಹೊಣೆ ಬರೆದಿದೆ, ತಪ್ಪಿದ್ರೆ ಕೇಳೋರು ಇದ್ದಾರೆ.

ಆಶಾ ಅಕ್ಕ ಆ ಮಗುವನ್ನ ನೋಡೋಕೆ ಅವ್ವನ ಬಾಗಿಲು ದಾಟಿಕೊಂಡೇ ಹೋಗ್ತಿದ್ರು. ಒಂದು ದಿನ ತಾವಾಗೇ ಒಳಗೆ ಬಂದು ಅವ್ವನ ಬೆನ್ನು ನೋಡಿ, ಟೊಂಕದ ಹತ್ತಿರ ಕೆಂಪಾಗಿದೆ, ಹುಣ್ಣಾಗೋ ಹಾಗಿದೆ ಅಂತ ತಂಗಿಗೆ ತೋರಿಸಿಕೊಟ್ರು. ಅದು ಅವರ ಪಟ್ಟಿಯಲ್ಲಿ ಇಲ್ಲದ ಕೆಲಸ, ಮನುಷ್ಯತ್ವಕ್ಕೆ ಮಾಡಿದ್ದು. ಅವತ್ತು ಆ ಹೆಣ್ಣುಮಗಳು ಒಳಗೆ ಬರದಿದ್ರೆ ಇವತ್ತು ಅವ್ವ ಇರ್ತಿರಲಿಲ್ಲ ಅಂತ ನನ್ನ ನಂಬಿಕೆ.

ಬಾಣಂತಿಗೆ ಕೊಟ್ಟಿದ್ದನ್ನ ಕಿತ್ಕೊಳ್ಳಿ ಅಂತ ಹೇಳ್ತಿಲ್ಲ, ತಪ್ಪು ತಿಳೀಬೇಡಿ. ಅದು ಸಿಗೋಕೂ ಎಷ್ಟೋ ಹೆಣ್ಣುಮಕ್ಕಳು ಸತ್ತಿದ್ದಾರೆ. ನಾನು ಹೇಳ್ತಿರೋದು, ದಾರಿ ಇದೆ, ನಡೆಯೋ ಕಾಲೂ ಇದೆ, ಮುದುಕರ ಬಾಗಿಲಿಗೆ ಬಂದಾಗ ಮಾತ್ರ ಆ ಕಾಲಿಗೆ ಆದೇಶ ಇಲ್ಲ. ಕಾಗದದಲ್ಲಿ ಅದೂ ಇದೆ ಅನ್ನೋದು ಇನ್ನೊಂದು ತಮಾಷೆ. 2010-11ರಲ್ಲಿ ಶುರುವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮದ ಮಾರ್ಗಸೂಚಿ ತೆಗೆದು ನೋಡಿ. ಹಾಸಿಗೆ ಹಿಡಿದ ವೃದ್ಧರ ಮನೆಗೆ ಉಪಕೇಂದ್ರದವರು ಹೋಗಬೇಕು, ನೋಡಿಕೊಳ್ಳೋ ಮನೆಯವರಿಗೆ ಕಲಿಸಿಕೊಡಬೇಕು, ಸಮುದಾಯ ಆರೋಗ್ಯ ಕೇಂದ್ರದಿಂದ ಪುನರ್ವಸತಿ ಕಾರ್ಯಕರ್ತರು ಮನೆಗೇ ಬರಬೇಕು ಅಂತ ಬರೆದಿದ್ದಾರೆ. ನಮ್ಮ ಲೈನಿಗೆ ಯಾರೂ ಬಂದಿಲ್ಲ. ನಿಮ್ಮ ಊರಿಗೆ ಬಂದಿದ್ರೆ ದಯವಿಟ್ಟು ಹೇಳಿ, ನಾನೇ ಬಂದು ಅವರಿಗೆ ಹಾರ ಹಾಕ್ತೀನಿ.

ಆಯುಷ್ಮಾನ್ ಭಾರತ್ ನಿಯಮದಲ್ಲೂ ಒಂದು ಮಾತಿದೆ, ನಮ್ಮ ಜನಕ್ಕೆ ಗೊತ್ತಿಲ್ಲ. ಡಿಸ್ಚಾರ್ಜ್ ಆದ ಮೇಲೆ 15 ದಿನದ ತನಕದ ಔಷಧಿ, ತಪಾಸಣೆಯ ಖರ್ಚೂ ಪ್ಯಾಕೇಜಿನೊಳಗೇ ಸೇರಿದೆ. ನಾವು ಆ ಔಷಧಿಗೆ ಕೈಯಿಂದ ದುಡ್ಡು ಕೊಟ್ವಿ, ಕೇಳಬಹುದು ಅಂತ ಗೊತ್ತಿರಲಿಲ್ಲ. ಮುಂದಿನ ಸಲ ನಿಮ್ಮವರು ಯಾರಾದ್ರೂ ಇದ್ರೆ ಆರೋಗ್ಯಮಿತ್ರರ ಹತ್ತಿರ ನಿಂತು ಕೇಳಿ. ಆದ್ರೆ 16ನೇ ದಿನ ಏನು ಅಂತ ಕೇಳಿದ್ರೆ ಅವರ ಹತ್ತಿರವೂ ಉತ್ತರ ಇಲ್ಲ. ಹದಿನೈದು ದಿನಕ್ಕೆ ಮೂಳೆ ಕೂಡಲ್ಲ.

ಆಮೇಲೆ ಇರೋದು ಸಂಧ್ಯಾ ಸುರಕ್ಷಾದ ತಿಂಗಳಿಗೆ ₹1,200. ಅದರಲ್ಲಿ ಬಿಪಿ ಮಾತ್ರೆ, ಡೈಪರು, ತೋರಿಸೋಕೆ ಹೋಗೋ ಬಾಡಿಗೆ. ಡೈಪರಿಗೇ ಸಾಲಲ್ಲ. ಹಳೇ ಸೀರೆ ಹರಿದು ಹಾಕ್ತಾರೆ, ಮಳೆಗಾಲದಲ್ಲಿ ಅದು ಒಣಗಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಾರೆ. ಬಸ್ಸಿನ ವಿಷಯ: ಹೆಣ್ಣುಮಕ್ಕಳಿಗೆ ಉಚಿತ ಅಂತ ಶಕ್ತಿ ಯೋಜನೆ ಬಂತು, ಸಂತೋಷ. ಸರ್ಕಾರಿ ಬಸ್ಸೇ ಬರದ ಊರಿಗೆ ಯಾವ ಶಕ್ತಿ? ನಮ್ಮ ಕೊಪ್ಪ-ಕಳಸ ಸೀಮೆಗೆ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಇತ್ತು. ಅದೂ 2020ರಲ್ಲಿ ನಿಂತುಹೋಯ್ತು. ಆ ಬಸ್ಸಿನ ಕಂಡಕ್ಟರುಗಳು ರೋಗಿಗಳನ್ನ ಮನೆ ತಿರುವಿನಲ್ಲೇ ಇಳಿಸ್ತಿದ್ದದ್ದನ್ನ ಹಳಬರು ಇವತ್ತಿಗೂ ನೆನೀತಾರೆ. ಕಳಸ ತಾಲ್ಲೂಕು ಅಂತ ಬೋರ್ಡ್ ಬಂದಿದೆ, ಜಿಲ್ಲಾಸ್ಪತ್ರೆ ಇನ್ನೂ ಸುಮಾರು 90 ಕಿ.ಮೀ. ದೂರದಲ್ಲೇ ಇದೆ. ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹೊರನಾಡು ಕಡೆಯವರಿಗೆ ಆ ಲೆಕ್ಕವೂ ಇಲ್ಲ.

ಇನ್ನು ತೋಟದ ಮಾತು. ಇದನ್ನ ಬರೆದ್ರೆ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ.

1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಪಾಸಾದಾಗ ದೇಶದ ಕಾರ್ಮಿಕ ಮಂತ್ರಿ ಬಾಬು ಜಗಜೀವನ್ ರಾಂ. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ತೋಟದ ಮಾಲೀಕರು ಮನೆ ಕೊಡಬೇಕು, ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ ಅದು ಹೇಳ್ತು. ಕುಟುಂಬ ಅಂದ್ರೆ ಹೆಂಡ್ತಿ-ಮಕ್ಕಳು ಮಾತ್ರ ಅಲ್ಲ, ದುಡಿಯೋರನ್ನ ನಂಬಿಕೊಂಡಿರೋ ಅಪ್ಪ-ಅವ್ವನೂ ಸೇರ್ತಾರೆ. ಈ ಸಾಲನ್ನ ಎರಡು ಸಲ ಓದಿ. ನಮ್ಮವ್ವನ ಆರೈಕೆ ತಂಗಿಯ ಹಣೆಬರಹ ಅಲ್ಲ, ಅವಳ ದುಡಿಮೆಗೆ ಸೇರಿದ ಹಕ್ಕು. ಈಗ ಆ ಕಾಯ್ದೆಯನ್ನ 2020ರ ಸಂಹಿತೆಯೊಳಗೆ ಸೇರಿಸಿದ್ದಾರೆ, ತೋಟದವರು ಮನೆ-ಮದ್ದು ಕೊಡಬೇಕು ಅನ್ನೋದು ಅಲ್ಲೂ ಇದೆ. ಹಳೇ ಕಾಯ್ದೆ ಇದ್ದದ್ದೇ 5 ಹೆಕ್ಟೇರ್ ಮತ್ತು 15 ಆಳು ದಾಟಿದ ತೋಟಕ್ಕೆ. ನಮ್ಮ ಕಡೆ ಸಣ್ಣ ಹಿಡುವಳಿಗಳೇ ಜಾಸ್ತಿ, ಅವು ಮೊದಲಿಂದಲೂ ಹೊರಗೆ. ದೊಡ್ಡವರಲ್ಲಿ ಹಿಂದೆ ಒಬ್ಬ ಕಂಪೌಂಡರ್ ಆದ್ರೂ ಇರ್ತಿದ್ದ. ಈಗ ರೈಟರ್ ಕಪಾಟಲ್ಲಿ ಒಂದು ಡಬ್ಬಿ ಜ್ವರದ ಮಾತ್ರೆ.

ಅವ್ವ ಮಲಗಿದ ಎರಡನೇ ತಿಂಗಳು ರೈಟರ್ ಬಂದ. ಒರಟಾಗಿ ಏನೂ ಮಾತಾಡಲಿಲ್ಲ, ಅವ್ವನ ಆರೋಗ್ಯ ವಿಚಾರಿಸಿದ, ಒಂದು ಬ್ರೆಡ್ ಪೊಟ್ಟಣ ಕೊಟ್ಟ. ಹೊರಡುವಾಗ ತಂಗಿಗೆ "ಹಣ್ಣು ಕುಯ್ಲು ಹತ್ತಿರ ಬಂತು, ಈ ಮನೆ ಎರಡಾಳಿನ ಲೆಕ್ಕದಲ್ಲಿ ಕೊಟ್ಟಿದ್ದು ಅಂತ ಸಾಹುಕಾರ್ರು ನೆನಪು ಮಾಡಿದ್ರು" ಅಂದ. ಅಷ್ಟೇ. ಅವತ್ತು ರಾತ್ರಿ ತಂಗಿ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಅವ್ವನ ಪಕ್ಕ ಒಂದು ಚೊಂಬು ನೀರು, ಒಂದು ತಟ್ಟೆ ಗಂಜಿ ಇಟ್ಟು, ಬಾಗಿಲು ಮುಂದೆ ಎಳೆದು ಕೆಲಸಕ್ಕೆ ಹೋದಳು. ಆ ಬಾಗಿಲು ಮುಂದೆ ಎಳೆದ ಮನೆಗಳು ನಮ್ಮ ಬೆಟ್ಟಗಳಲ್ಲಿ ಎಷ್ಟಿವೆ ಅಂತ ಎಣಿಸಿದವರಿಲ್ಲ.

ಆಸ್ಪತ್ರೆ ಖರ್ಚಿಗೆ ತೋಟದಿಂದ ತಗೊಂಡ ಅಡ್ವಾನ್ಸ್ ಬೇರೆ ಇತ್ತು. ಅಡ್ವಾನ್ಸ್ ಅಂದ್ರೆ ಏನು ಅಂತ 2022ರಲ್ಲಿ ರಾಜ್ಯಕ್ಕೆಲ್ಲ ಗೊತ್ತಾಯ್ತಲ್ಲ, ನಮ್ಮ ಜಿಲ್ಲೆಯ ಒಂದು ತೋಟದಲ್ಲಿ ಸಾಲದ ವಿಚಾರಕ್ಕೆ ದಲಿತ ಕೂಲಿಗಳನ್ನ ಕೂಡಿಹಾಕಿದ ಆರೋಪದ ಮೇಲೆ ಕೇಸ್ ಆದಾಗ. ಅವತ್ತು ನಾವು ಬೀದಿಗಿಳಿದ್ವಿ. ಸರಿಯಾಗೇ ಮಾಡಿದ್ವಿ. ಆದ್ರೆ ಮನುಷ್ಯರು ಅಡ್ವಾನ್ಸಿಗೆ ಕೈ ಒಡ್ಡೋದು ಯಾಕೆ? ಮದುವೆಗೆ ಅಂತೀವಿ. ಕಾಯಿಲೆಗೂ ಹೌದು. ಅದರಲ್ಲೂ ಆಸ್ಪತ್ರೆಯ ಬಿಲ್ಲಿಗಿಂತ ಆಮೇಲಿನ ಕಾಯಿಲೆಗೆ, ಯಾವ ಕಾರ್ಡಿನಲ್ಲೂ ಬರದ ಆ ತಿಂಗಳುಗಳಿಗೆ.

ನಮ್ಮ ಚಳವಳಿಗೂ ಎರಡು ಮಾತು ಹೇಳಬೇಕು. ಭೂಮಿಗೆ ಹೋರಾಡಿದ್ವಿ, ಸ್ಮಶಾನಕ್ಕೆ ಹೋರಾಡಿದ್ವಿ, ದೌರ್ಜನ್ಯ ಆದ್ರೆ ಅರ್ಧ ರಾತ್ರಿಗೆ ಠಾಣೆ ಮುಂದೆ ಕೂರ್ತೀವಿ. ಸತ್ತವರನ್ನ ಹೂಳೋಕೆ ಜಾಗ ಕೇಳಿದ ನಾವು, ಹಾಸಿಗೆ ಹಿಡಿದವರು ಸಾಯದೆ ಇರೋಕೆ ಏನು ಬೇಕು ಅಂತ ಒಂದು ಕರಪತ್ರ ಹಾಕಿದ್ದು ನನಗೆ ನೆನಪಿಲ್ಲ. ಯಾಕಂದ್ರೆ ಅದು ಹೆಂಗಸರ ಕೆಲಸ. ಅವ್ವನ ಹೇಲು-ಉಚ್ಚೆ ತೆಗೆದವಳು ತಂಗಿ, ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ತಿರುಗಿಸಿದವಳು ತಂಗಿ, ಹಾಜರಿ ಕಳಕೊಂಡವಳೂ ತಂಗಿ. ನಾನು ಮೂಡಿಗೆರೆಯಲ್ಲಿ ಮನೆ ಮಾಡಿಕೊಂಡಿದ್ದೆ. ಭಾನುವಾರ ಹಣ್ಣು ತಗೊಂಡು ಹೋಗ್ತಿದ್ದೆ. ಅದೇ ಡಿಸೆಂಬರ್ 6ರಂದು ಬಾಬಾಸಾಹೇಬರ ಪರಿನಿಬ್ಬಾಣದ ವೇದಿಕೆಯಲ್ಲಿ ಶ್ರಮದ ಘನತೆ ಬಗ್ಗೆ ಮಾತಾಡಿದೆ. ಚಪ್ಪಾಳೆ ಬಂತು. ತಂಗಿ ಅವತ್ತು ಬಂದಿರಲಿಲ್ಲ, ಬರೋಕೆ ಆಗಲ್ಲ ಅನ್ನೋದೂ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಹೊಟ್ಟೆ ಉರಿಸೋ ಸಂಗತಿ. ನಮ್ಮ ಕಾಲನಿಗಳ ಹುಡುಗೀರು ಹೋಮ್ ನರ್ಸ್ ಅಂತ ಬೆಂಗಳೂರಿಗೆ, ಮಂಗಳೂರಿಗೆ ಹೋಗಿದ್ದಾರೆ. ಅಲ್ಲಿ ಅಪಾರ್ಟ್‌ಮೆಂಟುಗಳಲ್ಲಿ ಬೇರೆಯವರ ಅಪ್ಪ-ಅಮ್ಮಂದಿರಿಗೆ ಹೊತ್ತೊತ್ತಿಗೆ ಮಗ್ಗುಲು ಬದಲಿಸ್ತಾರೆ, ಬೆನ್ನಿಗೆ ಪೌಡರ್ ಹಾಕ್ತಾರೆ, ವಾಕರ್ ಹಿಡಿಸಿ ನಡೆಸ್ತಾರೆ. ಆರೈಕೆ ಗೊತ್ತಿರೋ ಕೈಗಳು ನಮ್ಮಲ್ಲೇ ಇವೆ. ಬಾಡಿಗೆಗೆ ಹೋಗಿವೆ ಅಷ್ಟೇ.

ಹಾಗಾದ್ರೆ ಅವ್ವ ಎದ್ದಿದ್ದು ಹೇಗೆ? ಲೈನಿನಲ್ಲಿ ಒಬ್ಬ ಅಣ್ಣ ಇದ್ದಾನೆ, ವರ್ಷಗಳ ಹಿಂದೆ ಮರಗಸಿ ಮಾಡುವಾಗ ಬಿದ್ದು ತೊಡೆ ಮುರಿದುಕೊಂಡವನು. ಅವನಿಗೆ ಆಸ್ಪತ್ರೆಯಲ್ಲಿ ಕಲಿಸಿದ್ದ ಕಸರತ್ತು ನೆನಪಿತ್ತು. ಸಂಜೆ ಬಂದು ಅವ್ವನ ಕಾಲು ಮಡಿಸಿ ಬಿಡಿಸಿ ಮಾಡಿಸ್ತಿದ್ದ, ಜೊತೆಗೆ ಬೈತಿದ್ದ. ಭಾವ ಹಳೇ ಮೆಣಸಿನ ಏಣಿಯ ಬಿದಿರು ಸೀಳದೆ ತಂದು ಕೋಣೆಯ ಗೋಡೆಗುಂಟ ಸೊಂಟದ ಎತ್ತರಕ್ಕೆ ಕಟ್ಟಿದ, ಅವ್ವ ಅದನ್ನ ಹಿಡ್ಕೊಂಡು ಹೆಜ್ಜೆ ಹಾಕಿದಳು. ಕಮೋಡು? ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಕೂರೋ ಜಾಗದಲ್ಲಿ ಕಾಯಿಸಿದ ಕತ್ತಿಯಿಂದ ದುಂಡಗೆ ಕೊರೆದು, ಕೆಳಗೆ ಬಕೆಟ್ ಇಟ್ವಿ. ಅಂಚು ಚುಚ್ಚದ ಹಾಗೆ ಸೈಕಲ್ ಟ್ಯೂಬ್ ಸುತ್ತಿದ್ವಿ. ಕೇಂದ್ರದ ವಯೋಶ್ರೀ ಯೋಜನೆ 2017ರಿಂದ ಇದೆ, ಬಡ ವೃದ್ಧರಿಗೆ ವಾಕರ್, ಗಾಲಿಕುರ್ಚಿ ಎಲ್ಲ ಉಚಿತ. ಆದ್ರೆ ಅವು ಕೊಡೋದು ಶಿಬಿರದಲ್ಲಿ. ನಡೆಯೋಕೆ ಆಗದವರು ಶಿಬಿರಕ್ಕೆ ನಡೆದು ಬರಬೇಕು!

ಇದನ್ನ "ನಮ್ಮ ಜನರ ಸಹಕಾರ ನೋಡಿ" ಅಂತ ಮೆಚ್ಚಿಕೊಂಡು ಹಾರ್ಟ್ ಒತ್ತಬೇಡಿ. ಅದೃಷ್ಟ ಅದು. ಪಕ್ಕದ ತೋಟದ ಲೈನಿನಲ್ಲಿ ಮರಗಸಿ ಅಣ್ಣ ಇರಲಿಲ್ಲ, ಅಲ್ಲಿನ ಅಜ್ಜ ಲಕ್ವಾ ಹೊಡೆದು ಮನೆಗೆ ಬಂದ ಐದನೇ ತಿಂಗಳು ಹೋದ. ಬೆನ್ನಲ್ಲಿ ಮುಷ್ಟಿ ಹೋಗುವಷ್ಟು ಹುಣ್ಣು.

ಪಕ್ಕದ ಕೇರಳ ನೋಡಿ. 2008ರಲ್ಲೇ ಉಪಶಾಮಕ ಆರೈಕೆಗೆ ಅಂತ ನೀತಿ ಮಾಡಿದ್ರು. ಪಂಚಾಯ್ತಿ ದುಡ್ಡಲ್ಲಿ ನರ್ಸ್ ಇಟ್ಟು, ಜೀಪಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗ್ತಾರೆ, ಊರಿನವರೇ ಕಲಿತು ಜೊತೆಗೆ ಹೋಗ್ತಾರೆ. ಅವರದ್ದೂ ಘಟ್ಟ, ಅವರದ್ದೂ ಮಳೆ. ನಮ್ಮಲ್ಲಿ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಅಂತ ಶುರು ಮಾಡಿದ್ದಾರೆ, ಬಿಪಿ-ಶುಗರ್ ತಪಾಸಣೆಗೆ ಮನೆಗೇ ಬರೋ ಯೋಜನೆ. ಅದಕ್ಕೇ ಡಿಸ್ಚಾರ್ಜ್ ಆದವರ ಪಟ್ಟಿ ಸೇರಿಸಿ ಅಂತ ಯಾಕೆ ಕೇಳಬಾರದು? ಆಸ್ಪತ್ರೆ ಬಿಡುವ ದಿನವೇ ಒಂದು ಕನ್ನಡ ಚೀಟಿ, ಆ ಚೀಟಿಯ ಪ್ರತಿ ಊರಿನ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ 3, 7, 14... ಅದೇ ಬಾಣಂತಿಯ ಲೆಕ್ಕ. ಆದ್ರೆ ಆಶಾ ಅಕ್ಕಂದಿರ ತಲೆ ಮೇಲೆ ಪುಕ್ಕಟೆ ಹೊರಿಸೋದು ಬೇಡ. 2025ರ ಜನವರಿ ಚಳಿಯಲ್ಲಿ ₹15,000 ಗೌರವಧನ ಕೇಳಿ ಅವರು ಫ್ರೀಡಂ ಪಾರ್ಕಿನಲ್ಲಿ ಕೂತಿದ್ದನ್ನ ಮರೆತು ನಾವು "ಆಶಾ ಬರಲಿ" ಅಂತ ಬರೆದ್ರೆ ಅದು ಇನ್ನೊಂದು ಶೋಷಣೆ. ಭೇಟಿಗೆ ದುಡ್ಡು ಕೊಡಿ, ಆಮೇಲೆ ಹೊಣೆ ಕೇಳಿ.

ದುಡ್ಡೆಲ್ಲಿದೆ ಅಂತ ಪಿಡಿಓ ಕೇಳ್ತಾರೆ. ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟರಿಗೆ ಅಂತ ತೆಗೆದಿಡುವ ಶೇ 25ರ ಹಣ ಇದೆಯಲ್ಲ? ಅದು ಕಾಲನಿಯ ಚರಂಡಿಗೂ ಬೀದಿದೀಪಕ್ಕೂ ಹೋಗೋದೇ ಜಾಸ್ತಿ. ಅದರಲ್ಲಿ ನಾಲ್ಕು ಕಮೋಡ್ ಕುರ್ಚಿ, ನಾಲ್ಕು ವಾಕರ್, ಎರಡು ನೀರಿನ ಹಾಸಿಗೆ ತಂದು ಪಂಚಾಯ್ತಿ ಆಫೀಸಿನಲ್ಲಿಟ್ಟು, ಬೇಕಾದವರ ಮನೆಗೆ ಕೊಟ್ಟು, ಮುಗಿದ ಮೇಲೆ ವಾಪಸ್ ತಗೊಂಡ್ರೆ ಯಾವ ಆಡಿಟ್ಟೂ ಸಾಯಲ್ಲ. ಮೂಡಿಗೆರೆ ಮೀಸಲು ಕ್ಷೇತ್ರ, ನಮ್ಮವರೇ ಶಾಸಕರಾಗ್ತಾರೆ. ಸಮುದಾಯ ಭವನ ಕೇಳೋಕೆ ಹತ್ತು ಸಲ ಅವರ ಮನೆಗೆ ಹೋಗಿದ್ದೀವಿ. ಹನ್ನೊಂದನೇ ಸಲ ಇದಕ್ಕೆ ಹೋಗೋಣ.

ಒಂದು ಕೆಲಸ ನಾವೇ ಶುರು ಮಾಡ್ತಿದ್ದೀವಿ. ಮೂಡಿಗೆರೆ, ಕಳಸ ತಾಲ್ಲೂಕಿನ ಲೈನುಗಳು, ಕಾಲನಿಗಳು, ಹಾಡಿಗಳಲ್ಲಿ ಆಸ್ಪತ್ರೆಯಿಂದ ಬಂದು ಮಲಗಿದವರು ಎಷ್ಟು ಜನ, ಅವರ ಕಕ್ಕಸು ಎಷ್ಟು ಹೆಜ್ಜೆ ದೂರ, ಹಗಲು ಅವರ ಜೊತೆ ಯಾರಿರ್ತಾರೆ. ಮೂರೇ ಪ್ರಶ್ನೆ. ಮುಂದಿನ ಗ್ರಾಮಸಭೆಗಳಲ್ಲಿ ಪಟ್ಟಿ ಇಟ್ಟು ಮಾತಾಡೋಣ. ಕಾಮೆಂಟಲ್ಲಿ ರೋಗಿಗಳ ಹೆಸರು ಹಾಕಬೇಡಿ, ತೋಟದ ಹೆಸರಂತೂ ಬೇಡವೇ ಬೇಡ, ಪಾಪ ಅವರು ಅಲ್ಲೇ ಬದುಕಬೇಕು. ಇನ್‌ಬಾಕ್ಸಿಗೆ ಬರೀರಿ. ಎಣಿಸೋಕೆ ಹೋಗೋರಲ್ಲಿ ಗಂಡಸರೂ ಇರಲಿ.

ಅವ್ವ ಈಗ ಬಾಗಿಲ ತನಕ ನಡೀತಾಳೆ. ಮಳೆ ಬಿಟ್ಟ ದಿನ ಅಂಗಳಕ್ಕೂ ಬರ್ತಾಳೆ. ಆ ಕೊರೆದ ಕುರ್ಚಿ ನಮ್ಮ ಮನೆಯಲ್ಲಿಲ್ಲ, ಮೊದಲು ಕೆಳಗಿನ ಲೈನಿಗೆ ಹೋಯ್ತು, ಅಲ್ಲಿಂದ ಕೊಟ್ಟಿಗೆಹಾರದ ಹತ್ತಿರದ ಒಂದು ಮನೆಗೆ. ಹೋದ ವಾರ ಕಳಸದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಅವನ ಅಜ್ಜಿಯನ್ನ ಸೋಮವಾರ ಮನೆಗೆ ಕಳಿಸ್ತಾರಂತೆ, ಆ ಕುರ್ಚಿ ಖಾಲಿ ಇದೆಯಾ ಅಣ್ಣ ಅಂತ ಕೇಳಿದ. ಇರಲಿಲ್ಲ. ಕತ್ತಿ ಎಷ್ಟು ಕಾಯಿಸಬೇಕು ಅಂತ ಹೇಳಿಕೊಟ್ಟೆ.